ಕರಿ ಉಣ್ಣೆಗೆ ಬೇಕಾದ ಗಿರಾಕಿ

ಬೆಂಗಳೂರಿನಲ್ಲಿ ನೂಲುವುದನ್ನು ಕಲಿಯಲು ಜನ ಶುಲ್ಕ ಕಟ್ಟುತ್ತಾರೆ. ಅಲ್ಲಿಂದ ಸುಮಾರು 200 ಕಿಲೋಮೀಟರ್ ದೂರದ ಚಳ್ಳಕೆರೆ ಸೀಮೆಯಲ್ಲಿ ಅದೇ ಕೆಲಸ ತಮ್ಮ ಹೆಣ್ಣುಮಕ್ಕಳ ಪಾಲಿಗೆ ಬಾರದಿರಲಿ ಎಂದು ತಾಯಂದಿರು ಹಾರೈಸುತ್ತಾರೆ. ಇಬ್ಬರ ಕೈಯಲ್ಲೂ ಇರುವುದು ಹಂಜಿ ಮತ್ತು ಕದಿರು. ಒಬ್ಬರಿಗೆ ಅದು ಬಿಡುವಿನ ಹೊತ್ತಿನ ನೆಮ್ಮದಿ. ಇನ್ನೊಬ್ಬರಿಗೆ ಅಡುಗೆ, ನೀರು, ಹೊಲದ ಕೆಲಸ ಮುಗಿಸಿ ಕೂತರೂ ಸರಿಯಾದ ಕೂಲಿ ಹುಟ್ಟದ ದುಡಿಮೆ. ಈ ಅಂತರ ಕಂಡು ಮುಜುಗರಪಟ್ಟು ಸುಮ್ಮನಾಗುವುದು ಸುಲಭ. ಇದರಿಂದ ಕಸುಬಿಗೆ ಏನಾದರೂ ಲಾಭ ಮಾಡಿಕೊಡಲು ಸಾಧ್ಯವೇ ಎಂದು ಕೇಳುವವರು ಕಡಿಮೆ.

ಸಾಧ್ಯವಿದೆ ಎನ್ನಲು ಕಾರಣಗಳಿವೆ. ಕಂಬಳಿ ಕಸುಬಿಗೆ ಕನಿಕರ ತೋರುವ ಗಿರಾಕಿಗಳು ಬೇಕಾದಷ್ಟು ಸಿಕ್ಕಿದ್ದಾರೆ. ಅದರೊಳಗೆ ಸೇರಿಹೋಗುವ ಹೊತ್ತಿನ ಲೆಕ್ಕ ಬಲ್ಲ ಗಿರಾಕಿ ಮಾತ್ರ ಸಿಕ್ಕಿಲ್ಲ. ತಾನೇ ನೂತು, ಹೆಣೆದು, ನೇದು ನೋಡಿದ ಹವ್ಯಾಸಿಗೆ ಆ ಲೆಕ್ಕ ಬೆರಳ ತುದಿಯಲ್ಲಿರುತ್ತದೆ. ಆದರೆ ಅದಕ್ಕೆ ಮೊದಲು ಹವ್ಯಾಸಿಗಳು ತಮ್ಮ ಒಂದೆರಡು ಅಭ್ಯಾಸಗಳನ್ನು ಬಿಡಬೇಕು.

ಚಿತ್ರದುರ್ಗ ಜಿಲ್ಲೆಯಲ್ಲಿ, ಆಂಧ್ರದ ಗಡಿಗೆ ತಾಗಿಕೊಂಡಿರುವ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ರಾಜ್ಯದ ತೀರಾ ಕಡಿಮೆ ಮಳೆಯ ಸೀಮೆಗೆ ಸೇರಿದವು. ಶೇಂಗಾ ಬೆಳೆಯ ಬೆನ್ನಿಗೇ ಬಂದ ಗಿರಣಿಗಳಿಂದ ಚಳ್ಳಕೆರೆ ಎಣ್ಣೆ ನಗರವೆನಿಸಿಕೊಂಡಿತು. ಅದಕ್ಕೂ ಹಳೆಯ ಆಸ್ತಿ ಇಲ್ಲಿನ ಹುಲ್ಲು. ಹುಲ್ಲನ್ನು ನಂಬಿ ಕುರಿ, ಕುರಿಯನ್ನು ನಂಬಿ ಕಂಬಳಿ. ಕುರಿಗಾಹಿಗೆ ಕಂಬಳಿಯೇ ಹಾಸಿಗೆ, ಕಂಬಳಿಯೇ ಹೊದಿಕೆ, ಮಳೆ ಬಂದರೆ ಅದೇ ಕೊಪ್ಪೆ. ಈ ಭಾಗದ ಪಶುಪಾಲಕ ಸಮುದಾಯಗಳ ದೇವರ ಕಾರ್ಯಗಳಲ್ಲಿ ಕರಿಕಂಬಳಿ ಹಾಸಿ ಗದ್ದುಗೆ ಹೂಡುವ ವಾಡಿಕೆ ಇಂದಿಗೂ ಇದೆ. ಕುರುಬರ ಮನೆಗಳಲ್ಲಿ ಕುರಿ ಸಾಕುವುದು, ನೂಲುವುದು, ನೇಯುವುದು ಒಂದೇ ಸೂರಿನಡಿ ನಡೆಯುತ್ತಿದ್ದ ಕೆಲಸಗಳು.

ಕೆಲಸದ ಸರಣಿ ಉದ್ದವಾದದ್ದು. ಉಣ್ಣೆ ಕತ್ತರಿಸುವ ಮುನ್ನ ಕುರಿಗಳನ್ನು ಕೆರೆಗೋ ಹಳ್ಳಕ್ಕೋ ಇಳಿಸಿ ಮೀಯಿಸಬೇಕು. ವಾಡಿಕೆಯಂತೆ ವರ್ಷಕ್ಕೆ ಎರಡು ಸಲ ಕತ್ತರಿ. ಮರಿಯ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ಮೆತ್ತಗೆ. ಕರಿ, ಕಂದು, ಬಿಳಿ ಎಂದು ಬಣ್ಣ ಬೇರೆ ಮಾಡಿ, ಹಿಂಜಿ, ಹಂಜಿ ಮಾಡಿ, ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಬಳಿದು, ಬಿಸಿಲಲ್ಲಿ ಎಳೆದು ಒಣಗಿಸಿ, ಗುಣಿಮಗ್ಗಕ್ಕೆ ಏರಿಸುತ್ತಾರೆ. ಮಗ್ಗದ ಮುಂದೆ ಕೂತ ಗಂಡಸು ಫೋಟೊದಲ್ಲಿ ಕಾಣಿಸಿಕೊಳ್ಳುತ್ತಾನೆ. ಅವನ ಲಾಳಿಗೆ ನೂಲು ಒದಗಿಸಲು ಹಲವು ರಾಟೆಗಳು ತಿರುಗಬೇಕು ಎಂಬುದು ಫೋಟೊದ ಹೊರಗೆ ಉಳಿಯುತ್ತದೆ. ಸಂತೆಯಲ್ಲಿ ಬೆಲೆ ಕಟ್ಟುವುದು ಕಂಬಳಿಗೆ. ನೂತವಳ ಗಂಟೆಗಳಿಗೆ ಅಲ್ಲಿ ಪ್ರತ್ಯೇಕ ಬೆಲೆಯಿಲ್ಲ.

ಹವ್ಯಾಸಿಗಳು ಬಿಡಬೇಕಾದ ಮೊದಲ ಅಭ್ಯಾಸ, ಉಣ್ಣೆಯನ್ನು ಕೆನ್ನೆಗೆ ಒತ್ತಿ ನೋಡಿ ತೀರ್ಪು ಕೊಡುವುದು. ಸುಮಾರು 30 ಮೈಕ್ರಾನ್‌ಗಿಂತ ದಪ್ಪದ ಎಳೆಯ ತುದಿ ಚರ್ಮಕ್ಕೆ ಚುಚ್ಚುತ್ತದೆ. ಮೆರಿನೊ ಕುರಿಯ ಎಳೆ ಅದಕ್ಕಿಂತ ಬಹಳ ತೆಳುವಾದ್ದರಿಂದ ಚುಚ್ಚುವುದಿಲ್ಲ. ಇಲ್ಲಿನ ಡೆಕ್ಕನಿ ಕುರಿಯ ಉಣ್ಣೆಯಲ್ಲಿ ಕೂದಲಿನಂಥ ಎಳೆಗಳ ಪಾಲೇ ಹೆಚ್ಚು. ಬಹಳಷ್ಟು ಎಳೆಗಳ ನಡುವೆ ಟೊಳ್ಳು. ಅದನ್ನು ಕೊರಳಿಗೆ ಸುತ್ತಿಕೊಂಡು ಕಡಿತ ಎಂದು ದೂರುವುದರಲ್ಲಿ ಅರ್ಥವಿಲ್ಲ. ಗಂಜಿ ಕುಡಿದ ಆ ಒರಟು ಎಳೆಯಿಂದಲೇ ಕಂಬಳಿ ಮಳೆಯ ಹನಿಯನ್ನು ತಡೆಯುತ್ತದೆ, ಕಲ್ಲುನೆಲದ ಮೇಲೆ ಹಾಸಿದರೂ ಬೇಗ ಸವೆಯುವುದಿಲ್ಲ. ನೆಲಹಾಸು, ಕೈಚೀಲ, ದಿಂಬಿನ ಹೊದಿಕೆ, ಗೋಡೆಗೆ ತೂಗುಹಾಕುವ ನೇಯ್ಗೆ, ಕೂರುವ ಮಣೆಯ ಮೇಲಿನ ಹಾಸು, ಇವೆಲ್ಲ ಮೆರಿನೊಗೆ ಒಗ್ಗದ, ಡೆಕ್ಕನಿಗೆ ಹೇಳಿಮಾಡಿಸಿದ ಕೆಲಸಗಳು. ಪಟ್ಟಣದ ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ಬಣ್ಣದ ಉಂಡೆ ಬಹುಮಟ್ಟಿಗೆ ಅಕ್ರಿಲಿಕ್. ಅಂದರೆ ಬಹಳಷ್ಟು ಹೆಣಿಗೆಯವರು ವರ್ಷಗಟ್ಟಲೆ ಉಣ್ಣೆಯನ್ನು ಮುಟ್ಟದೆಯೇ ಉಣ್ಣೆಯ ಗುಣದೋಷ ಹೇಳುತ್ತಿದ್ದಾರೆ.

ಮೆತ್ತನೆಯ ಉಣ್ಣೆಯೇ ಉಣ್ಣೆ ಎಂಬ ಈ ಅಳತೆಗೋಲಿನ ಹೊಡೆತ ಕುರಿಹಟ್ಟಿಯವರೆಗೂ ಮುಟ್ಟಿದೆ. ಡೆಕ್ಕನಿ ಕುರಿ ವರ್ಷಕ್ಕೆ ಕೊಡುವುದು ಅರ್ಧ ಕಿಲೋ ಆಸುಪಾಸು ಉಣ್ಣೆ. ಆಸ್ಟ್ರೇಲಿಯಾದ ಮೆರಿನೊ 4–5 ಕಿಲೋ ಕೊಡುತ್ತದೆ. ಆ ಅರ್ಧ ಕಿಲೋ ಮಾರಿದರೆ ಕತ್ತರಿಸಿದವರ ಕೂಲಿಯೂ ಗಿಟ್ಟದು ಎಂದಾದಾಗ ಸಾಕುವವರು ಮಾಂಸದ ಕಡೆ ವಾಲಿದರು. ಬೇಗ ತೂಕ ಬರುವ, ಮೈಮೇಲೆ ಉಣ್ಣೆಯಿಲ್ಲದ ತಳಿಗಳ ಟಗರುಗಳನ್ನು ತಂದರು. ಇದು ಭಾರತದ ಕಥೆಯಷ್ಟೇ ಅಲ್ಲ. 2020ರ ಸುಮಾರಿಗೆ ಬ್ರಿಟನ್ನಿನ ಕೆಲವು ರೈತರು ಇದೇ ಕಾರಣಕ್ಕೆ ಉಣ್ಣೆಯನ್ನು ಸುಟ್ಟರು, ಗೊಬ್ಬರಕ್ಕೆ ಹಾಕಿದರು.

ಸರ್ಕಾರ ಕಣ್ಣುಮುಚ್ಚಿ ಕೂತಿತ್ತು ಎನ್ನುವಂತಿಲ್ಲ. ಕೈಮಗ್ಗಕ್ಕೆ ಕೆಲವು ವಸ್ತುಗಳನ್ನು ಮೀಸಲಿಡುವ ಕಾಯ್ದೆಯನ್ನು ಸಂಸತ್ತು 1985ರಲ್ಲೇ ಮಾಡಿತು. ಮೊದಲು 22 ಇದ್ದ ಪಟ್ಟಿ ಆಮೇಲೆ 11ಕ್ಕೆ ಇಳಿದರೂ ಕಂಬಳಿ ಅದರಲ್ಲಿ ಉಳಿದುಕೊಂಡಿದೆ. ವಿದ್ಯುತ್ ಮಗ್ಗದಲ್ಲಿ ಕಂಬಳಿ ನೇಯುವುದು ಕಾನೂನಿನ ಪ್ರಕಾರ ತಪ್ಪು. ಆದರೂ ನೇಕಾರನಿಗೆ ನೆಮ್ಮದಿ ಸಿಗಲಿಲ್ಲ. ಅವನ ಪೈಪೋಟಿ ಇನ್ನೊಂದು ಕಂಬಳಿಯ ಜೊತೆ ಇರಲೇ ಇಲ್ಲ. ವಿದೇಶದ ಹಳೆಯ ಬಟ್ಟೆಗಳನ್ನು ಚಿಂದಿ ಮಾಡಿ ಮತ್ತೆ ನೂಲಾಗಿಸಿ ಪಾಣಿಪತ್ತಿನ ಕಾರ್ಖಾನೆಗಳು ಅಗ್ಗದ ಹೊದಿಕೆ ತಯಾರಿಸುತ್ತವೆ. ನೆರೆ, ಭೂಕಂಪದ ಪರಿಹಾರ ಶಿಬಿರಗಳಿಗೆ ಹೋಗುವುದು ಇಂಥವೇ. ಅದರ ಜೊತೆಗೆ ಹೂಬಳ್ಳಿಯ ಪಾಲಿಯೆಸ್ಟರ್ ರಗ್ಗು ಹಳ್ಳಿಯ ಸಂತೆಗೂ ಬಂದಿದೆ. ಕಾನೂನು ಕಾವಲು ನಿಂತದ್ದು ಕಂಬಳಿಯನ್ನು ಯಾರು ನೇಯಬೇಕು ಎಂಬ ಬಾಗಿಲಿಗೆ. ಕಂಬಳಿಯೇ ಬೇಡವೆಂದು ಗಿರಾಕಿ ಎದ್ದುಹೋದ ಬಾಗಿಲು ಬೇರೆ.

ಪಕ್ಕದ ಮೊಳಕಾಲ್ಮುರಿನಲ್ಲಿ ಎಳೆ ಬೇರೆ, ಪಾಠವೂ ಕೊಂಚ ಬೇರೆ. ಅಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಮೈಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ ಗೆರೆ ಕೊಯ್ದಂತೆ ಬರಬೇಕಾದರೆ ಎರಡು ಅಂಚಿಗೆ ಎರಡು, ಮೈಗೊಂದು ಹೀಗೆ ಮೂರು ಲಾಳಿ ಓಡಬೇಕು. ಇದು ಹವ್ಯಾಸಿ ರಜೆಯಲ್ಲಿ ಕಲಿತು ಮುಗಿಸುವ ವಿದ್ಯೆಯಲ್ಲ. ಹಾಸು ಹೂಡುವವರು, ಬಣ್ಣ ಹಾಕುವವರು, ನೇಯುವವರು ಸೇರಿ ಊರಿಗೆ ಊರೇ ನಡೆಸುವ ಕೆಲಸ. ಸೀರೆಯನ್ನು ಜನ ಮೊದಲಿನಿಂದಲೂ ಬೆಲೆಬಾಳುವ ವಸ್ತುವೆಂದೇ ನೋಡಿದ್ದಾರೆ. ಆದ್ದರಿಂದ ಮಾನ್ಯತೆಯ ಮುದ್ರೆಗೆ ಅಲ್ಲಿ ಒಂದು ಕೆಲಸವಿದೆ: ಬೇರೆಡೆ ನೇದದ್ದನ್ನು ಆ ಹೆಸರಿನಲ್ಲಿ ಮಾರದಂತೆ ತಡೆಯುವುದು. ಮುದ್ರೆ ಹೆಸರನ್ನು ಕಾಯುತ್ತದೆ, ಕೂಲಿಯನ್ನು ಗೊತ್ತುಮಾಡುವುದಿಲ್ಲ. ಚಳ್ಳಕೆರೆ ಕಂಬಳಿಯನ್ನು ಯಾರೂ ನಕಲು ಮಾಡಲು ಹಾತೊರೆಯುತ್ತಿಲ್ಲ. ಹಾಗಾಗಿ ಹೆಸರಿನ ರಕ್ಷಣೆಯಿಂದ ಅದಕ್ಕೆ ಆಗುವ ಲಾಭ ಸೀರೆಗಾದಷ್ಟು ಇರಲಾರದು. ಅದರ ಕೊರತೆ ಬೇಡಿಕೆಯದು, ಬೆಲೆಯದು.

ಹವ್ಯಾಸಿಯ ಮಾತು ಇಲ್ಲಿ ಬರುತ್ತದೆ. ದೊಡ್ಡ ಪ್ರಮಾಣದಲ್ಲಿ ಹವ್ಯಾಸಿಗಳಿಂದ ನೂಲಿಸಿದ ಪ್ರಯೋಗವೊಂದು ಕರ್ನಾಟಕದ ನೆಲದಲ್ಲೇ ನಿರ್ಧಾರವಾಗಿತ್ತು. 1924ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಆ ಒಂದೇ ಕಾಂಗ್ರೆಸ್ ಅಧಿವೇಶನದಲ್ಲಿ, ಸದಸ್ಯತ್ವದ ಚಂದಾ ಹಣದ ಬದಲು ನೂಲು ಎಂದಾಯಿತು: ತಿಂಗಳಿಗೆ 2,000 ಗಜ. ವಕೀಲರು, ಮಾಸ್ತರರು, ವರ್ತಕರು ತಕಲಿ ಹಿಡಿದರು. ಸ್ವತಃ ನೂಲಲು ಮನಸ್ಸಿಲ್ಲದವರು ಬೇರೆಯವರು ನೂತದ್ದನ್ನು ಒಪ್ಪಿಸಬಹುದಿತ್ತು. ವರ್ಷ ತುಂಬುವ ಮೊದಲೇ, 1925ರ ಸೆಪ್ಟೆಂಬರಿನಲ್ಲಿ, ಈ ಕಡ್ಡಾಯ ಸಡಿಲಗೊಂಡು ನಾಲ್ಕಾಣೆ ಕೊಟ್ಟರೂ ಸಾಕೆಂದಾಯಿತು.

ಕಡ್ಡಾಯದ ಹವ್ಯಾಸ ಬಾಳಲಿಲ್ಲ, ನಿಜ. ಆದರೆ ಅದೇ ವರ್ಷ ಹುಟ್ಟಿದ ಅಖಿಲ ಭಾರತ ಚರಕ ಸಂಘ ಮುಂದೆ ಎದುರಿಸಿದ ಪ್ರಶ್ನೆಯೇ ಇಂದು ಚಳ್ಳಕೆರೆಯಲ್ಲಿ ನಿಂತಿದೆ. ಖಾದಿ ಅಗ್ಗವಾಗಿ ಸಿಗುತ್ತಿದ್ದುದು ನೂಲುವ ಹೆಂಗಸಿಗೆ ಕೊಡುತ್ತಿದ್ದ ಪುಡಿಗಾಸಿನ ಬಲದಿಂದ. 1935ರಲ್ಲಿ ಗಾಂಧೀಜಿ ಎಂಟು ಗಂಟೆಯ ನೂಲುವಿಕೆಗೆ ಎಂಟಾಣೆ ಸಿಗಬೇಕೆಂದು ಹಟ ಹಿಡಿದರು. ಬೆಲೆ ಏರಿದರೆ ಖಾದಿ ಮಾರಾಟವಾಗುವುದೇ ಎಂದು ಕಾರ್ಯಕರ್ತರು ಅಂಜಿದರು. ಸಂಘ ಕೊನೆಗೆ ಒಪ್ಪಿಕೊಂಡದ್ದು ಅದಕ್ಕಿಂತ ಕಡಿಮೆ ದರಕ್ಕೆ. ಆದರೂ ಬದುಕಲು ಸಾಲುವ ಕೂಲಿ ಎಂಬ ತತ್ವ ಖಾದಿಯ ಲೆಕ್ಕದ ಪುಸ್ತಕಕ್ಕೆ ಸೇರಿತು. ಹೀಗೆ ಹಟ ಹಿಡಿದವರು ದಿನವೂ ಚರಕದ ಮುಂದೆ ಕೂರುತ್ತಿದ್ದವರು, ಒಂದು ಗಂಟೆಗೆ ಎಷ್ಟು ಗಜ ಹೊರಡುತ್ತದೆ ಎಂದು ಕೈಯಾರೆ ಬಲ್ಲವರು ಎಂಬುದನ್ನು ಮರೆಯಬಾರದು.

ಇಂದಿನ ಲೆಕ್ಕ ಹಾಕಿ ನೋಡಬಹುದು. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಹಿಂಜಿ ತಯಾರಾದ ಉಣ್ಣೆ ಕೈಗೆ ಸಿಕ್ಕು, ಒಬ್ಬಾಕೆ ದಿನಕ್ಕೆ ಅರ್ಧ ಕಿಲೋ ನೂತಳು ಎಂದಿಟ್ಟುಕೊಳ್ಳಿ. ಕಾಲುವೆ ಹೂಳೆತ್ತುವವರಿಗೆ ಕೊಡುವಷ್ಟೇ ಅವಳಿಗೂ ಕೊಟ್ಟರೆ ಒಂದು ಕಿಲೋ ನೂಲಿಗೆ 740 ರೂಪಾಯಿ ಕೂಲಿಯಾಯಿತು. ಎರಡು ಕಿಲೋ ತೂಗುವ ಕಂಬಳಿಯಲ್ಲಿ ನೂಲುವ ಕೂಲಿಯೇ 1,480. ಅದರ ಮೇಲೆ ಉಣ್ಣೆ, ಗಂಜಿ, ನೇಯ್ಗೆ, ಸಾಗಣೆ. ಕೆಲವು ನೂರು ರೂಪಾಯಿಗೆ ರಗ್ಗು ಸಿಗುವ ಸಂತೆಯಲ್ಲಿ ಈ ಕಂಬಳಿ ನಿಲ್ಲಲಾರದು.

ಈಗ ಕಂಬಳಿ ಬಿಟ್ಟು ನೂಲನ್ನೇ ಮಾರಿದರೆ? ಅದೇ 740 ರೂಪಾಯಿ ಕೂಲಿ 100 ಗ್ರಾಮಿನ ಲಡಿಗೆ ಬರುವುದು 74 ರೂಪಾಯಿ. ಉಣ್ಣೆಯ ಬೆಲೆ, ಹಿಂಜುವ ಖರ್ಚು, ಮಾರುವವರ ಪಾಲು ಸೇರಿಸಿ ಅದನ್ನು ಇಮ್ಮಡಿ ಮಾಡಿದರೂ 150ರ ಒಳಗೆ. ವಿದೇಶದಿಂದ ಬಂದ ಮೆರಿನೊ ಲಡಿಯೊಂದಕ್ಕೆ, ಅದೇ 100 ಗ್ರಾಮಿಗೆ, ಹವ್ಯಾಸಿಗಳು ಸಾವಿರ ರೂಪಾಯಿ ದಾಟಿ ಕೊಡುವುದುಂಟು. ಅಂದರೆ ಕಂಬಳಿಯ ಗಿರಾಕಿಗೆ ಕೈಗೆಟುಕದ ಕೂಲಿ ಹೆಣಿಗೆಯ ಗಿರಾಕಿಗೆ ಹೊರೆಯೇ ಅಲ್ಲ. ನೂಲುವವಳಿಗೆ ನ್ಯಾಯವಾದ ಬೆಲೆ ಸಿಗಬಲ್ಲ ಜಾಗ ಮಾರುಕಟ್ಟೆಯಲ್ಲಿ ಎಲ್ಲಾದರೂ ಇದ್ದರೆ ಅದು ಇದೇ. ಅಲ್ಲಿಗೆ ಚಳ್ಳಕೆರೆಯ ನೂಲು ಹೋಗಿ ತಲುಪುವ ದಾರಿ ಇನ್ನೂ ಸರಿಯಾಗಿ ಬಿದ್ದಿಲ್ಲ.

ದಾರಿ ಬೀಳಲು ನೂಲೂ ಸ್ವಲ್ಪ ಬದಲಾಗಬೇಕು. ಮಗ್ಗದ ಹಾಸಿಗೆಂದು ಬಿಗಿಯಾಗಿ ಹುರಿ ಹಾಕಿದ ಒಂಟಿ ಎಳೆಯಿಂದ ಹೆಣೆದರೆ ಬಟ್ಟೆ ಒಂದು ಮಗ್ಗುಲಿಗೆ ವಾಲಿಕೊಳ್ಳುತ್ತದೆ. ಹೆಣಿಗೆಗೆ ಹುರಿ ಸಡಿಲವಿರಬೇಕು. ಎರಡು ಎಳೆ ಸೇರಿಸಿ, ಎದುರು ದಿಕ್ಕಿಗೆ ತಿರುಗಿಸಿ ಜೋಡಿಸಬೇಕು. ಮರಿಯ ಮೊದಲ ಕತ್ತರಿಯ ಉಣ್ಣೆಯನ್ನು ಉಳಿದದ್ದರ ಜೊತೆ ಬೆರೆಸದೆ ಬೇರೆ ನೂತರೆ ಅದಕ್ಕೆ ಬೇರೆ ಬೆಲೆ ಕೇಳಬಹುದು. ರಾಟೆಯ ಮುಂದೆ ಬೆಳೆದ ಹೆಂಗಸರಿಗೆ ಇದು ಹೊಸ ವಿದ್ಯೆಯಲ್ಲ, ಕೇಳುವವರಿಲ್ಲದ್ದರಿಂದ ಮಾಡಿಲ್ಲ. ಏನು ಕೇಳಬೇಕೆಂದು ಹೇಳಬಲ್ಲವರು ಹವ್ಯಾಸಿಗಳೇ. ಸಾಮಾನ್ಯ ಗಿರಾಕಿಗೆ ಎರಡೆಳೆಯ ಸಡಿಲ ಹುರಿ ಎಂದರೆ ಏನೆಂದೇ ಗೊತ್ತಿರುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ: ಹವ್ಯಾಸಿಗಳೆಷ್ಟು ಮಂದಿ, ಅವರಿಂದ ಒಂದು ಕಸುಬು ಉಳಿಯುತ್ತದೆಯೇ? ಸಂಖ್ಯೆಯನ್ನು ಹಗುರವಾಗಿ ಎಣಿಸಬೇಕಿಲ್ಲ. 2016ರ ಜನವರಿಯಲ್ಲಿ ಚೆನ್ನೈನಲ್ಲಿ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಎಂಬ ಬಳಗದ ಹೆಂಗಸರು ತಂತಮ್ಮ ಮನೆಗಳಲ್ಲಿ ಹೆಣೆದ ತುಂಡುಗಳನ್ನು ಜೋಡಿಸಿ 11,148.5 ಚದರ ಮೀಟರಿನ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದರು. ಅಮೆರಿಕದಲ್ಲಿ ಲೈವ್‌ಸ್ಟಾಕ್ ಕನ್ಸರ್ವೆನ್ಸಿ ಸಂಸ್ಥೆ 2019ರಲ್ಲಿ ಇನ್ನೂ ನೇರವಾದ ಪ್ರಯೋಗಕ್ಕೆ ಇಳಿಯಿತು. ಅಳಿವಿನ ಅಂಚಿನ ಕುರಿ ತಳಿಗಳ ಉಣ್ಣೆಯನ್ನು ಸಾಕುವವರಿಂದಲೇ ಕೊಂಡು ನೂಲಬೇಕು, ಹೆಣೆಯಬೇಕು ಅಥವಾ ನೇಯಬೇಕು; ಹಾಗೆ ಮಾಡಿದ ಹವ್ಯಾಸಿಯ ಪುಟ್ಟ ಪಾಸ್‌ಪೋರ್ಟಿಗೆ ತಳಿಗೊಂದು ಮುದ್ರೆ ಬೀಳುತ್ತದೆ. ಆಟದಂತೆ ಕಾಣುವ ಈ ಏರ್ಪಾಟು ಮಾಡಿದ್ದು ಗಟ್ಟಿ ಕೆಲಸ: ಯಾವ ತಳಿಯ ಉಣ್ಣೆ ಯಾವುದಕ್ಕೆ ಒಗ್ಗುತ್ತದೆ ಎಂಬುದನ್ನು ಕೊಳ್ಳುವವರೇ ಕಲಿಯುವಂತಾಯಿತು.

ಎರಡನೆಯ ಆಕ್ಷೇಪ ಕೈಕಸುಬಿನ ಶುದ್ಧಿಯನ್ನು ಪೂಜಿಸುವವರದು. ಉಣ್ಣೆ ಹಿಂಜುವುದರಿಂದ ಹಿಡಿದು ಎಲ್ಲವೂ ಕೈಯಲ್ಲೇ ಆಗಬೇಕು ಎನ್ನುತ್ತಾರೆ. ಸ್ಕಾಟ್ಲೆಂಡಿನ ಹ್ಯಾರಿಸ್ ಟ್ವೀಡನ್ನು ನೋಡಿ. 1993ರ ಕಾಯ್ದೆಯ ಪ್ರಕಾರ ಆ ಬಟ್ಟೆಯನ್ನು ಔಟರ್ ಹೆಬ್ರಿಡೀಸ್ ದ್ವೀಪವಾಸಿಗಳು ತಮ್ಮ ಮನೆಯಲ್ಲೇ, ಕೈಕಾಲಿನ ಬಲದಿಂದ ನೇಯಬೇಕು. ನೂಲು ಮಾತ್ರ ಅಲ್ಲಿನದೇ ಗಿರಣಿಯಲ್ಲಿ ತಯಾರಾಗಬಹುದು. ಯಾವ ಹಂತ ಯಂತ್ರಕ್ಕೆ, ಯಾವುದು ಕೈಗೆ ಎಂಬುದನ್ನು ಅವರು ಭಾವುಕತೆಯಿಂದಲ್ಲ, ಎಲ್ಲಿ ಜನರಿಗೆ ದುಡಿಮೆ ಉಳಿಯಬೇಕು ಎಂಬುದನ್ನು ನೋಡಿ ನಿರ್ಧರಿಸಿದರು. ಚಳ್ಳಕೆರೆಯಲ್ಲಿ ಧೂಳು ಕುಡಿಸುವ ಹಿಂಜುವ ಕೆಲಸ ಯಂತ್ರಕ್ಕೆ ಹೋದರೆ ಯಾರಿಗೂ ನಷ್ಟವಿಲ್ಲ. ನೂಲುವುದನ್ನು ಕೈಯಲ್ಲಿ ಉಳಿಸಿಕೊಳ್ಳುವುದು ಲಡಿಗೆ ಮೇಲೆ ಹೇಳಿದ ಬೆಲೆ ಬಂದರೆ ಮಾತ್ರ ಸರಿ. ಇಲ್ಲದಿದ್ದರೆ ಅದು ಬಡತನವನ್ನು ಕಲೆಯೆಂದು ಕರೆದಂತೆ.

ಹವ್ಯಾಸಿಗಳು ಬಿಡಬೇಕಾದ ಎರಡನೆಯ ಅಭ್ಯಾಸ ಇದಕ್ಕೆ ಸೇರಿದ್ದು. ಪ್ರೀತಿಯಿಂದ ಮಾಡಿದ್ದಕ್ಕೆ ಬೆಲೆ ಕಟ್ಟಬಾರದೆಂದು ಅನೇಕರು ತಾವು ಹೆಣೆದ ಗೊಂಬೆ, ಟೋಪಿ, ಚೀಲಗಳನ್ನು ದಾರದ ಖರ್ಚಿಗಷ್ಟೇ ಮಾರುತ್ತಾರೆ. ಸಂಬಳ ಬೇರೆ ಕಡೆಯಿಂದ ಬರುವವರಿಗೆ ಅದು ಔದಾರ್ಯ. ಅದೇ ಕೆಲಸ ನೆಚ್ಚಿಕೊಂಡು ಮನೆ ನಡೆಸುವವರಿಗೆ ಅದು ಏಟು, ಏಕೆಂದರೆ ಕೈಕೆಲಸದ ಬೆಲೆ ಇಷ್ಟೇ ಎಂದು ಊರಿಗೆಲ್ಲ ಸಾರಿದಂತಾಗುತ್ತದೆ. ತನ್ನ ಹೊತ್ತನ್ನು ಸೊನ್ನೆ ಎಂದು ಬರೆದುಕೊಳ್ಳುವ ಹವ್ಯಾಸಿ ಚಳ್ಳಕೆರೆಯ ರಾಟೆಯ ಮುಂದೆ ನಿಂತಾಗಲೂ ಅದೇ ಸೊನ್ನೆಯಿಂದ ಚೌಕಾಸಿ ಶುರುಮಾಡುತ್ತಾಳೆ.

ಇಷ್ಟೆಲ್ಲ ಆದರೂ ನೂಲಿನ ಮಾರುಕಟ್ಟೆಯಿಂದ ಬಗೆಹರಿಯದ ಸಂಗತಿಯೊಂದಿದೆ. ಅದು ನೆಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾದಿಟ್ಟ ಕಾವಲುಗಳು ಚಳ್ಳಕೆರೆಯ ಕುರಿಗಳಿಗೂ ಮೇವಿನ ಆಸರೆಯಾಗಿದ್ದವು. 2008ರ ನಂತರದ ಕೆಲವೇ ವರ್ಷಗಳಲ್ಲಿ ದೊಡ್ಡ ಉಳ್ಳಾರ್ತಿ, ಕುದಾಪುರ ಸುತ್ತಲಿನ ಕಾವಲುಗಳಲ್ಲಿ ಸುಮಾರು 10,000 ಎಕರೆ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವುಗಳ ಪಾಲಾಯಿತು. ಬೇಲಿ, ಗೋಡೆ ಎದ್ದಾಗ ಹಳ್ಳಿಗರು ಬೀದಿಗಿಳಿದರು; ವಿಷಯ ಹೈಕೋರ್ಟಿಗೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೂ ಹೋಯಿತು. 2017ರಲ್ಲಿ ಅಲ್ಲಿ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯೂ ಆಯಿತು. ದೇಶಕ್ಕೆ ವಿಜ್ಞಾನ ಬೇಡವೆಂದು ಕುರಿಗಾಹಿಗಳು ಹೇಳಿಲ್ಲ. ಹುಲ್ಲುಗಾವಲನ್ನು ಬಂಜರೆಂದು ಲೆಕ್ಕ ಹಾಕಿದಾಗ ಅದರ ಮೇಲೆ ನಡೆಯುತ್ತಿದ್ದ ಕುರಿ, ಉಣ್ಣೆ, ನೂಲು, ಮಗ್ಗದ ಇಡೀ ಆರ್ಥಿಕತೆಯೂ ಸೊನ್ನೆಯೆಂದಾಯಿತು ಎಂಬುದು ಅವರ ತಕರಾರು. ಲಡಿಗೆ ಎಷ್ಟೇ ಬೆಲೆ ಕೊಟ್ಟರೂ ಮೇವಿಲ್ಲದ ಊರಿನಲ್ಲಿ ಉಣ್ಣೆ ಹುಟ್ಟದು. ಆದ್ದರಿಂದ ಚಳ್ಳಕೆರೆ ನೂಲು ಕೊಳ್ಳುವ ಹವ್ಯಾಸಿ, ಉಳಿದ ಕಾವಲಿನ ವಿಚಾರದಲ್ಲೂ ಪಕ್ಷ ವಹಿಸಬೇಕಾಗುತ್ತದೆ.

ಮೊದಲ ಹೆಜ್ಜೆಗೆ ದೊಡ್ಡ ಯೋಜನೆಯ ಅಗತ್ಯವಿಲ್ಲ. ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಕತ್ತರಿಯ ಹಂಗಾಮಿನಲ್ಲಿ ಬಣ್ಣ ಮತ್ತು ಮೆದುವಿನ ಪ್ರಕಾರ ಉಣ್ಣೆ ವಿಂಗಡಿಸಿ ಕೊಳ್ಳಬಹುದು. ಕಂಬಳಿ ನೇಕಾರರ ಸಂಘಗಳು ಎರಡೆಳೆಯ ಲಡಿಗಳನ್ನು ಮಾಡಿಸಿ, ನೂತವರಿಗೆ ಕೊಟ್ಟ ಕೂಲಿಯನ್ನು ಚೀಟಿಯ ಮೇಲೇ ಮುದ್ರಿಸಬಹುದು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಹೆಣಿಗೆ ಬಳಗಗಳು ಒಂದು ಹಂಗಾಮಿನ ನೂಲಿಗೆ ಮುಂಗಡ ಕೊಟ್ಟು, ಬಂದದ್ದನ್ನು ಬಳಸಿ ನೋಡಿ, ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಎಂದು ನೂಲುವವರಿಗೆ ತಿಳಿಸಬಹುದು. ಕೂಲಿ ಕಾಣುವಂತೆ ಬರೆದ ಬೆಲೆಗೂ ನೂಲು ಮಾರಾಟವಾಗದಿದ್ದರೆ ಅದೂ ಒಂದು ಉತ್ತರವೇ. ಆಗ ಪರಂಪರೆ ಉಳಿಸುವ ಭಾಷಣ ಬದಿಗಿಟ್ಟು, ಕುರಿಗೆ ಮೇವು ಎಲ್ಲಿ, ನೂಲುವವರಿಗೆ ಬೇರೆ ಕೆಲಸ ಯಾವುದು ಎಂಬ ಪ್ರಶ್ನೆಗಳಿಗೆ ಇಲಾಖೆಗಳು ನೇರವಾಗಿ ಉತ್ತರ ಕೊಡಬೇಕಾಗುತ್ತದೆ.